ಪದವಿಯ ಕೀಲಿಕೈ ನಿನ್ನಲ್ಲಿರಲಿ

ಘಟಿಕೋತ್ಸವಕ್ಕೆ ಇನ್ನೂ ಸಮಯವಿದೆ, ಆದರೂ ಈ ಮಾತನ್ನು ಈಗಲೇ ಕೇಳಿಸಿಕೋ ಪುಟ್ಟಿ. ಓದಿ ಪಾಸಾದರೆ ಮುಗಿಯಲಿಲ್ಲ, ಪಾಸಾದದ್ದು ನಿಜವೆಂದು ಕಂಡವರಿಗೆಲ್ಲ ತೋರಿಸಬೇಕು. ಕೆಲಸ ಕೊಡುವವರು ಮಾರ್ಕ್ಸ್ ಕಾರ್ಡಿನ ನಕಲನ್ನು ವಿಶ್ವವಿದ್ಯಾಲಯಕ್ಕೆ ಕಳಿಸಿ ಉತ್ತರಕ್ಕೆ ಕಾಯುತ್ತಾರೆ. ಖೋಟಾ ಅಂಕಪಟ್ಟಿ ಮಾರುವವರ ದೆಸೆಯಿಂದ ನಿಯತ್ತಾಗಿ ಓದಿದವರೂ ಅನುಮಾನಕ್ಕೆ ಗುರಿಯಾಗುತ್ತಾರೆ. ನನಗೆ ಸಂಕಟವಾಗುವುದು ಅಲ್ಲೇ.

ಇದಕ್ಕೊಂದು ದಾರಿ ತೆರೆದಿದೆ. ಅಮೆರಿಕದ ಎಂಐಟಿ 2017ರಲ್ಲಿ 111 ಪದವೀಧರರಿಗೆ ಫೋನಿನಲ್ಲೇ ಇಟ್ಟುಕೊಳ್ಳುವಂಥ ಪದವಿಪತ್ರ ಕೊಟ್ಟಿತು. ನಮ್ಮ ಐಐಟಿ ಕಾನ್ಪುರ 2021ರ ಡಿಸೆಂಬರಿನ ಘಟಿಕೋತ್ಸವದಲ್ಲಿ, ಗುಟ್ಟಾಗಿ ತಿದ್ದಲಾಗದ ದಾಖಲೆ ಸರಣಿ ಎನಿಸಿದ ಬ್ಲಾಕ್‌ಚೈನ್ ಆಧಾರದ ಪದವಿ ನೀಡಿತು. ಇದು ನಡೆಯುವುದು ಹೀಗೆ: ವಿಶ್ವವಿದ್ಯಾಲಯ ತನ್ನ ಗುಟ್ಟಿನ ಕೀಲಿಕೈಯಿಂದ ಪತ್ರಕ್ಕೆ ಡಿಜಿಟಲ್ ಸಹಿ ಹಾಕುತ್ತದೆ, ಪತ್ರ ನಿನ್ನ ಫೋನಿನ ವ್ಯಾಲೆಟ್ ಆ್ಯಪ್‌ಗೆ ಬರುತ್ತದೆ. ವಿಶ್ವವಿದ್ಯಾಲಯ ಎಲ್ಲರಿಗೂ ತಿಳಿಯಪಡಿಸಿರುವ ಇನ್ನೊಂದು ಕೀಲಿಕೈಯಿಂದ ಕಂಪನಿಯವರು ಆ ಸಹಿಯನ್ನು ತಾವೇ ತಾಳೆ ನೋಡುತ್ತಾರೆ. ಒಂದು ಅಂಕ ತಿದ್ದಿದ್ದರೂ ತಾಳೆಯಾಗದು. ಪದವಿ ಇದೆಯೇ ಎಂದಷ್ಟೇ ಕೇಳಿದವರಿಗೆ ಅಷ್ಟನ್ನೇ ತೋರಿಸಿ, ಹುಟ್ಟಿದ ದಿನಾಂಕವನ್ನು ಮರೆಯಲ್ಲಿಡುವ ಏರ್ಪಾಟೂ ಸಾಧ್ಯ. ಊರೂರಿಗೆ ಅರ್ಜಿ ಹಾಕುವ ಹೆಣ್ಣುಮಕ್ಕಳಿಗೆ ಇದು ಸಣ್ಣ ಅನುಕೂಲವಲ್ಲ.

ಡಿಜಿಲಾಕರ್ ಇದೆಯಲ್ಲ ಅಂತೀಯ. ಅದು ಸರ್ಕಾರ ನಡುವೆ ನಿಂತು ನಡೆಸುವ ವ್ಯವಸ್ಥೆ. ನಾನು ಹೇಳುತ್ತಿರುವುದರಲ್ಲಿ ಪತ್ರವೂ ಅದನ್ನಿಟ್ಟ ವ್ಯಾಲೆಟ್ಟಿನ ಕೀಲಿಕೈಯೂ ನಿನ್ನವೇ. ಹಾಗಂತ ಡಿಜಿಲಾಕರ್ ಬಿಡಬೇಡ. ಸಂಬಂಧಪಟ್ಟ ಸಂಸ್ಥೆಯೇ ಅದರ ಮೂಲಕ ನೀಡಿದ ದಾಖಲೆಗೆ ಕಾನೂನಿನಲ್ಲಿ ಮೂಲಪ್ರತಿಯಷ್ಟೇ ಬೆಲೆಯಿದೆ. ನಮ್ಮ ಬಹುತೇಕ ಕಾಲೇಜುಗಳ ಮಕ್ಕಳಿಗೆ ಇವತ್ತು ಕೈಗೆಟಕುವುದೂ ಅದೇ.

ವ್ಯಾಲೆಟ್ ಸಿಕ್ಕ ದಿನ ಅದನ್ನು ಮತ್ತೆ ತೆರೆಯಲೆಂದು ಕೊಡುವ ಗುಪ್ತಪದಗಳನ್ನು ಕಾಗದದ ಮೇಲೆ ಬರೆದು ಬೀರುವಿನಲ್ಲಿಡು. ಸ್ಕ್ರೀನ್‌ಶಾಟ್ ತೆಗೆಯಬೇಡ, ವಾಟ್ಸ್‌ಆ್ಯಪ್‌ನಲ್ಲಿ ಯಾರಿಗೂ ಕಳಿಸಬೇಡ, ನನಗೂ. ಅವು ಕಳೆದರೆ ವಿಶ್ವವಿದ್ಯಾಲಯ ಪತ್ರವನ್ನು ಮತ್ತೆ ಕೊಟ್ಟೀತು, ಆದರೆ ಅದಕ್ಕೆ ನೀನು ಪುನಃ ಅಲ್ಲಿನ ಕೌಂಟರಿನ ಮುಂದೆ ನಿಲ್ಲಬೇಕು.

ನನ್ನ ನಿಜವಾದ ಆತಂಕ ಬೇರೆ. ಸಹಿ ಎಷ್ಟೇ ಭದ್ರವಾಗಿದ್ದರೂ, ತಪ್ಪಾಗಿ ಬರೆದದ್ದರ ಮೇಲೆ ಬಿದ್ದರೆ ತಪ್ಪೇ ಭದ್ರವಾಗುತ್ತದೆ. ನಮ್ಮ ಕಡೆಯ ಇನಿಷಿಯಲ್ಲುಗಳ ಪಾಡು ನಿನಗೆ ಗೊತ್ತಲ್ಲ: ಒಂದು ಕಡೆ ಹೆಸರಿನ ಮುಂದೆ, ಇನ್ನೊಂದು ಕಡೆ ಹಿಂದೆ, ಮತ್ತೊಂದು ಕಡೆ ಬಿಡಿಸಿ ಬರೆದ ಊರಿನ ಹೆಸರು, ಅಪ್ಪನ ಹೆಸರು. ಗುಮಾಸ್ತರ ಕಣ್ಣಿಗೆ ಇವೆಲ್ಲ ಒಬ್ಬಳೇ ಹುಡುಗಿ. ಯಂತ್ರಕ್ಕೆ ಮೂವರು. ವಿದ್ಯಾರ್ಥಿಗಳಿಗೆ ಕೊಡುವ ಅಪಾರ್ ಗುರುತಿನ ಸಂಖ್ಯೆ ಮಾಡಿಸುವಾಗಲೂ ಹೆಸರು ಆಧಾರ್‌ಗೆ ಹೊಂದದೆ ಎಷ್ಟೋ ಮಕ್ಕಳು ಅಲೆದಿದ್ದಾರೆ.

ಆದ್ದರಿಂದ ಈ ವಾರವೇ ಎಸ್ಸೆಸ್ಸೆಲ್ಸಿ ಕಾರ್ಡು, ಆಧಾರ್, ಕಾಲೇಜಿನ ದಾಖಲೆ ಮೂರನ್ನೂ ಎದುರಿಗಿಟ್ಟುಕೊಂಡು ನಿನ್ನ ಹೆಸರನ್ನು ಒಂದೊಂದೇ ಅಕ್ಷರ ಹೋಲಿಸಿ ನೋಡು. ವ್ಯತ್ಯಾಸ ಕಂಡರೆ, ಪದವಿಪತ್ರಕ್ಕೆ ಸಹಿ ಬೀಳುವ ಮುನ್ನವೇ ತಿದ್ದುಪಡಿಗೆ ಅರ್ಜಿ ಕೊಡು.