ಗಂಡೋ ಹೆಣ್ಣೋ: ವರ್ಣತಂತುಗಳ ಹಂಚಿಕೆ

ಮೂರನೆಯದೂ ಹೆಣ್ಣಾಯಿತೆಂದು ಸೊಸೆಯನ್ನು ಹಳಿಯುವ ಮನೆಗಳು ನಮ್ಮಲ್ಲಿ ಇನ್ನೂ ಇವೆ. ಎರಡನೆಯ ಮದುವೆಯ ಮಾತೆತ್ತುವವರೂ ಇದ್ದಾರೆ. ಆದುದರಿಂದ ಶಿಶುವಿನ ಲಿಂಗವು ಹೇಗೆ ನಿರ್ಧಾರವಾಗುವುದೆಂಬುದನ್ನು ದಂಪತಿಗಳಿಬ್ಬರೂ ಅರಿಯುವುದು ಅವಶ್ಯ.

ನಮ್ಮ ಶರೀರವು ಅತಿ ಸೂಕ್ಷ್ಮವಾದ ಜೀವಕೋಶಗಳಿಂದ ಕೂಡಿದೆ. ಕೋಶದೊಳಗೆ ಸಾಮಾನ್ಯವಾಗಿ 46 ವರ್ಣತಂತುಗಳು, ಅಂದರೆ 23 ಜೋಡಿಗಳು ಇರುತ್ತವೆ. ಈ ಸಂಖ್ಯೆಯು 1956ರಲ್ಲಿ ಖಚಿತವಾಯಿತು. ತಂದೆತಾಯಿಗಳ ಲಕ್ಷಣಗಳು ಮಕ್ಕಳಿಗೆ ಬರುವುದು ಇವುಗಳ ಮೂಲಕ.

ಕೋಶವು ಎರಡಾಗುವ ಮುನ್ನ ಪ್ರತಿಯೊಂದು ವರ್ಣತಂತುವೂ ತನ್ನಂತಹುದೇ ಇನ್ನೊಂದು ಎಳೆಯನ್ನು ಸಿದ್ಧಪಡಿಸಿಕೊಳ್ಳುತ್ತದೆ. ಬಳಿಕ ಅವೆಲ್ಲವೂ ಸುರುಳಿ ಸುತ್ತಿ, ಗಿಡ್ಡವಾಗಿ, ಕೋಶದ ಮಧ್ಯದಲ್ಲಿ ಸಾಲುಗೂಡುತ್ತವೆ. ಎರಡು ತುದಿಗಳಿಂದ ಹೊರಟ ನವಿರಾದ ತಂತುಗಳು ಅವನ್ನು ಹಿಡಿದುಕೊಳ್ಳುತ್ತವೆ. ನಡುವೆ ಉಬ್ಬಿ ತುದಿಗಳಲ್ಲಿ ಚೂಪಾದ ಈ ರಚನೆಯನ್ನು ಕದಿರಿಗೆ ಹೋಲಿಸುತ್ತಾರೆ. ಹತ್ತಿ ಬೆಳೆಯುವ ಗಬ್ಬೂರು, ದೇವದುರ್ಗದ ಸೀಮೆಯ ಹಿರಿಯರಿಗೆ ನೂಲುವ ಕದಿರನ್ನು ವಿವರಿಸಬೇಕಾಗಿಲ್ಲ. ಹಿಡಿದ ತಂತುಗಳು ಗಿಡ್ಡವಾದಂತೆ ಜೊತೆಗೂಡಿದ್ದ ಎಳೆಗಳು ಬೇರ್ಪಟ್ಟು ಒಂದು ಅತ್ತ, ಒಂದು ಇತ್ತ ಸಾಗುತ್ತವೆ. ಎರಡು ಕೋಶಗಳಿಗೂ 46 ದೊರೆಯುತ್ತವೆ.

ಅಂಡಾಣು ಮತ್ತು ವೀರ್ಯಾಣುಗಳು ಉತ್ಪತ್ತಿಯಾಗುವಾಗ ಮೊದಲು ಜೋಡಿಗಳೇ ಅಗಲುತ್ತವೆ. ಆದಕಾರಣ ಅವುಗಳಲ್ಲಿ 23 ಮಾತ್ರ. ಕೊನೆಯ ಜೋಡಿಯನ್ನು ಗಮನಿಸಿರಿ: ಸ್ತ್ರೀಯಲ್ಲಿ ಅದು ಎರಡು ಎಕ್ಸ್, ಪುರುಷನಲ್ಲಿ ಒಂದು ಎಕ್ಸ್, ಒಂದು ವೈ. ತಾಯಿಯು ಕೊಡುವುದು ಎಂದಿಗೂ ಎಕ್ಸ್. ತಂದೆಯ ಜೋಡಿ ಅಗಲಿದಾಗ ವೀರ್ಯಾಣುಗಳಲ್ಲಿ ಅರ್ಧಕ್ಕೆ ಎಕ್ಸ್, ಅರ್ಧಕ್ಕೆ ವೈ ಸೇರುತ್ತದೆ. ಎಕ್ಸ್ ಬಂದು ಕೂಡಿದರೆ ಹೆಣ್ಣು, ವೈ ಕೂಡಿದರೆ ಗಂಡು. ಹಿಂದಿನ ಹೆರಿಗೆಗಳನ್ನು ಕದಿರು ನೆನಪಿಡುವುದಿಲ್ಲ; ನಾಲ್ಕನೆಯ ಗರ್ಭದಲ್ಲಿಯೂ ಸಂಭವವು ಹೆಚ್ಚು ಕಡಿಮೆ ಸಮಸಮವೇ. ಇದು ತಂದೆಯ ಇಚ್ಛೆಗೂ ಒಳಪಟ್ಟುದಲ್ಲ, ಆದ್ದರಿಂದ ಅವನನ್ನು ದೂಷಿಸುವುದೂ ಸಲ್ಲದು. ಗರ್ಭದಲ್ಲಿಯ ಲಿಂಗವನ್ನು ಪರೀಕ್ಷಿಸಿ ತಿಳಿಸುವುದು 1994ರ ಕಾಯಿದೆಯಂತೆ ಅಪರಾಧ.

ಕೆಲವೊಮ್ಮೆ ಜೋಡಿಯೊಂದು ಅಗಲದೆ ಒಟ್ಟಾಗಿ ಒಂದೇ ಕಡೆಗೆ ಹೋಗುವುದುಂಟು. ಡೌನ್ ಸಿಂಡ್ರೋಮ್ ಇರುವ ಮಕ್ಕಳಲ್ಲಿ 21ನೆಯ ವರ್ಣತಂತು ಎರಡರ ಬದಲು ಮೂರಿರುವುದನ್ನು 1959ರಲ್ಲಿ ಫ್ರಾನ್ಸಿನ ವಿಜ್ಞಾನಿಗಳು ಪ್ರಕಟಿಸಿದರು. ಗ್ರಹಣವಾಗಲಿ, ಶಾಪವಾಗಲಿ ಇದಕ್ಕೆ ಕಾರಣವಲ್ಲ. ಸ್ತ್ರೀಯ ಅಂಡಾಣುಗಳು ಅವಳು ಹುಟ್ಟುವ ಮೊದಲೇ ವಿಭಜನೆಯನ್ನಾರಂಭಿಸಿ ನಡುವೆ ನಿಂತು, ವರ್ಷಗಟ್ಟಲೆ ಕಾದಿರುತ್ತವೆ. ವಯಸ್ಸಾದಂತೆ ಹಂಚಿಕೆ ತಪ್ಪುವ ಸಂಭವ ಹೆಚ್ಚುವುದರಿಂದ, 35 ದಾಟಿದ ಗರ್ಭಿಣಿಯರು ಮೊದಲ ತಿಂಗಳುಗಳಲ್ಲಿಯೇ ವೈದ್ಯರನ್ನು ಕಾಣುವುದು ಲೇಸು. ಚಿಕ್ಕ ವಯಸ್ಸಿನ ತಾಯಂದಿರಿಗೂ ಇಂತಹ ಮಗು ಹುಟ್ಟಬಹುದು. ಇಂತಹ ಮಕ್ಕಳಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ಹೃದಯದ ದೋಷವಿರುವುದರಿಂದ, ಹುಟ್ಟಿದ ಕೂಡಲೇ ಹೃದಯ ಪರೀಕ್ಷೆಯನ್ನು ಮಾಡಿಸತಕ್ಕದ್ದು.