ಮನೆಯಲ್ಲೇ ಕಾಫಿ ಹುರಿಯಿರಿ, ಬೆಳೆಯ ಗುಣ ಅರಿಯಿರಿ

ಕಾಫಿ ಬೆಳೆಗಾರರಲ್ಲಿ ಅನೇಕರು ವರ್ಷವಿಡೀ ದುಡಿದು ಬೆಳೆದ ಬೀಜವನ್ನು ಪಾರ್ಚ್‌ಮೆಂಟ್ ಅಥವಾ ಚೆರಿ ರೂಪದಲ್ಲಿಯೇ ಮಾರಿಬಿಡುತ್ತಾರೆ. ಮನೆಯ ಉಪಯೋಗಕ್ಕೆ ಪೇಟೆಯಿಂದ ಪುಡಿ ತರುತ್ತಾರೆ. ಇದರಿಂದ ತಮ್ಮ ಬೆಳೆಯ ರುಚಿಯಾಗಲಿ, ಸಂಸ್ಕರಣೆಯಲ್ಲಾದ ತಪ್ಪಾಗಲಿ ಅವರಿಗೆ ತಿಳಿಯುವುದಿಲ್ಲ. ಕೊಳ್ಳುವವರು ರುಚಿ ನೋಡಿ ಬೆಲೆ ಕಟ್ಟುವಾಗ ಬೆಳೆದವರೂ ರುಚಿ ಬಲ್ಲವರಾಗಿರುವುದು ಲೇಸು.

ರುಚಿ ಭೇದಕ್ಕೆ ಕಾರಣಗಳು

ತಳಿ, ತೋಟದ ಎತ್ತರ, ಸಂಸ್ಕರಣೆ ಇವು ಮುಖ್ಯ. ಎತ್ತರದ ತಂಪು ಹವೆಯಲ್ಲಿ ಅರೇಬಿಕಾ ಹಣ್ಣು ನಿಧಾನವಾಗಿ ಮಾಗುವುದರಿಂದ ಹಿತವಾದ ಹುಳಿ ಮತ್ತು ಪರಿಮಳ ಹೆಚ್ಚು. ರೊಬಸ್ಟಾದಲ್ಲಿ ಕೆಫೀನ್ ಅಂಶ ಅರೇಬಿಕಾದ ಸುಮಾರು ಎರಡರಷ್ಟಿದ್ದು, ಕಹಿ ಮತ್ತು ಗಟ್ಟಿತನ ಎದ್ದು ಕಾಣುತ್ತವೆ. ಬಾಬಾಬುಡನ್‌ಗಿರಿ, ಚಿಕ್ಕಮಗಳೂರು ಮತ್ತು ಕೊಡಗಿನ ಅರೇಬಿಕಾಗಳಿಗೆ 2019ರಲ್ಲಿ ಪ್ರತ್ಯೇಕವಾಗಿ ಭೌಗೋಳಿಕ ಸೂಚಕ ಮಾನ್ಯತೆ ದೊರೆತಿದೆ.

ಹುರಿಯುವ ಕ್ರಮ

1. ಚೆನ್ನಾಗಿ ಒಣಗಿದ ಪಾರ್ಚ್‌ಮೆಂಟನ್ನು ಒರಳಿನಲ್ಲಿ ಮೆಲ್ಲಗೆ ಕುಟ್ಟಿ, ಮೊರದಲ್ಲಿ ಕೇರಿ, 250 ಗ್ರಾಂ ಬೀಜ ತೆಗೆದುಕೊಳ್ಳಬೇಕು. ಕಪ್ಪಾದ, ಒಡೆದ, ಹುಳು ಕೊರೆದ ಬೀಜಗಳನ್ನು ಆರಿಸಿ ತೆಗೆಯಬೇಕು.

2. ದಪ್ಪ ತಳದ ಕಬ್ಬಿಣದ ಬಾಣಲೆಯನ್ನು ಕಾಯಿಸಿ, ಬೀಜ ಹಾಕಿ, ಮಧ್ಯಮ ಉರಿಯಲ್ಲಿ ಕೈ ಬಿಡದೆ ಆಡಿಸಬೇಕು. ಬೀಜ ಮೊದಲು ಹಳದಿ, ಆಮೇಲೆ ಕಂದು ಬಣ್ಣಕ್ಕೆ ತಿರುಗುತ್ತದೆ.

3. ಚಟಪಟ ಸದ್ದು ಕೇಳಿಸಿ ನಿಲ್ಲುತ್ತಾ ಬಂದಾಗ ಇಳಿಸಬೇಕು. ಎಣ್ಣೆ ಜಿನುಗಿ ಕಪ್ಪಾಗುವವರೆಗೆ ಹುರಿದರೆ ಸುಟ್ಟ ರುಚಿಯೊಂದೇ ಉಳಿದು, ಊರು ಊರಿನ ಭೇದ ಅಳಿಸಿಹೋಗುತ್ತದೆ.

4. ಕೂಡಲೇ ಮೊರಕ್ಕೆ ಸುರಿದು, ಗಾಳಿಯಲ್ಲಿ ಆರಿಸಿ, ಹೊಟ್ಟು ಹಾರಿಸಬೇಕು. ಒಂದು ದಿನದ ನಂತರ ಪುಡಿ ಮಾಡುವುದು ಉತ್ತಮ.

ರುಚಿ ನೋಡುವ ಬಗೆ

ಬೇರೆ ಬೇರೆ ಮಾದರಿಗಳನ್ನು ಒಂದೇ ಹದಕ್ಕೆ ಹುರಿದಿರಬೇಕು. ಪ್ರತಿ ಲೋಟಕ್ಕೆ 10 ಗ್ರಾಂ ಪುಡಿ, 180 ಮಿಲಿಲೀಟರ್ ಬಿಸಿನೀರು ಹಾಕಿ, ನಾಲ್ಕು ನಿಮಿಷ ಬಿಟ್ಟು, ಚಿಕೋರಿ, ಹಾಲು, ಸಕ್ಕರೆ ಸೇರಿಸದೆ ಸವಿಯಬೇಕು.

ಕೊಳೆತ ಹಣ್ಣಿನ ವಾಸನೆ ಬಂದರೆ ಹುದುಗುವಿಕೆ ಮಿತಿಮೀರಿದೆ ಎಂದು ಶಂಕಿಸಬೇಕು. ಮುಗ್ಗಲು ವಾಸನೆ ಬಂದರೆ ಕಣದಲ್ಲಿ ಸರಿಯಾಗಿ ಒಣಗಿಲ್ಲ ಅಥವಾ ದಾಸ್ತಾನಿನಲ್ಲಿ ತೇವ ತಗುಲಿದೆ. ಹುರಿದ ಮೇಲೂ ಕೆಲವು ಬೀಜ ಬಿಳಿಚಿಕೊಂಡಿದ್ದರೆ ಎಳೆಯ ಕಾಯಿ ಕೊಯ್ಲಿನಲ್ಲಿ ಬೆರೆತಿದೆ.

ಮಾರುವ ಮುನ್ನ ಪ್ರತಿ ರಾಶಿಯಿಂದಲೂ ಹೀಗೆ ಒಂದು ಹಿಡಿ ಹುರಿದು ನೋಡಿದರೆ, ಒಳ್ಳೆಯ ರಾಶಿಯನ್ನು ಬೇರೆಯಾಗಿಟ್ಟು ತಕ್ಕ ಬೆಲೆ ಕೇಳಬಹುದು. ಈ ಸಲದ ತಪ್ಪನ್ನು ಮುಂದಿನ ಕೊಯ್ಲಿನಲ್ಲಿ ತಿದ್ದಿಕೊಳ್ಳಬಹುದು.