ಫೈಲ್ ಕೆಟ್ಟಿಲ್ಲ, ತೆರೆಯುವ ಆ್ಯಪ್ ತಪ್ಪಾಗಿದೆ

ವಿದ್ಯಾರ್ಥಿವೇತನದ ಅರ್ಜಿಗಳು ಬರುವ ದಿನಗಳಲ್ಲಿ ನಮ್ಮ ಕಿವಿಗೆ ಹೆಚ್ಚು ಬೀಳುವ ಮಾತು, "ಸರ್, ಫೈಲ್ ಹಾಳಾಗಿದೆ." ಕಳೆದ ಸಾಲಿನಲ್ಲಿ ಒಬ್ಬ ವಿದ್ಯಾರ್ಥಿನಿ ಆದಾಯ ಪ್ರಮಾಣಪತ್ರದ ಪಿಡಿಎಫ್ ತೆರೆದಾಗ ಪರದೆಯ ತುಂಬ ಅರ್ಥವಿಲ್ಲದ ಅಕ್ಷರಗಳು ಬಂದವು. ತಂದೆ ಒಂದು ದಿನದ ಕೂಲಿ ಬಿಟ್ಟು ಮತ್ತೆ ನಾಡಕಚೇರಿಗೆ ಹೋದರು. ಪತ್ರ ಸರಿಯಾಗಿಯೇ ಇತ್ತು. ಮನೆಯಲ್ಲಿ ಯಾರೋ ಪಿಡಿಎಫ್‌ಗಳೆಲ್ಲ ನೋಟ್‌ಪ್ಯಾಡ್‌ನಲ್ಲಿ ತೆರೆಯುವಂತೆ ಮಾಡಿಟ್ಟಿದ್ದರು, ಅಷ್ಟೆ.

ಹೆಸರಿನ ಕೊನೆಯಲ್ಲಿ ಚುಕ್ಕಿಯ ನಂತರ ಬರುವ ಪಿಡಿಎಫ್, ಜೆಪಿಜಿ ಮುಂತಾದ ಅಕ್ಷರಗಳನ್ನು ನೋಡಿ, ಯಾವ ಆ್ಯಪ್‌ನಲ್ಲಿ ತೆರೆಯಬೇಕೆಂದು ವಿಂಡೋಸ್ ತೀರ್ಮಾನಿಸುತ್ತದೆ. ಇದನ್ನು ಬದಲಿಸಲು ಫೈಲಿನ ಮೇಲೆ ಮೌಸಿನ ಬಲಗುಂಡಿ ಒತ್ತಿ, 'ಓಪನ್ ವಿತ್', ಅದರೊಳಗೆ 'ಚೂಸ್ ಅನದರ್ ಆ್ಯಪ್' ಎಂಬಲ್ಲಿಗೆ ಹೋಗಿ. ಎಡ್ಜ್ ಅಥವಾ ಅಡೋಬಿ ರೀಡರ್ ಆರಿಸಿ. ವಿಂಡೋಸ್ 11ರಲ್ಲಿ 'ಆಲ್ವೇಸ್' ಒತ್ತಬೇಕು. 10ರಲ್ಲಿ ಕೆಳಗಿನ ಚೌಕದಲ್ಲಿ ಟಿಕ್ ಹಾಕಿ 'ಓಕೆ' ಒತ್ತಬೇಕು. ಟಿಕ್ ಮರೆತರೆ ಮುಂದಿನ ಸಲ ಮತ್ತೆ ಅದೇ ಗೋಳು. ಸೈಬರ್ ಅಂಗಡಿಯಲ್ಲಾದರೆ 'ಜಸ್ಟ್ ಒನ್ಸ್' ಸಾಕು, ಬೇರೆಯವರ ವ್ಯವಸ್ಥೆ ಕೆಡಿಸುವುದು ಬೇಡ.

ಇದರಿಂದ ಫೈಲಿಗೆ ಏನೂ ಆಗದು. ಕೆಲವರು ಚುಕ್ಕಿಯ ನಂತರದ ಪಿಡಿಎಫ್ ಅಳಿಸಿ ಜೆಪಿಜಿ ಎಂದು ಬರೆಯುತ್ತಾರೆ. ಹೆಸರು ತಿದ್ದಿದ ಮಾತ್ರಕ್ಕೆ ಪಿಡಿಎಫ್ ಫೋಟೋ ಆಗುವುದಿಲ್ಲ; ಅಂಥದ್ದನ್ನು ಅಪ್‌ಲೋಡ್ ಮಾಡಿದರೆ ನಮಗೂ ತೆರೆಯಲು ಬಾರದು.

ಪತ್ರ ತೆರೆಯದಿದ್ದರೆ ಅಳಿಸಬೇಡಿ. ಪೆನ್‌ಡ್ರೈವ್‌ನಲ್ಲಿ ಹಾಕಿ ಟ್ರಸ್ಟ್ ಕಚೇರಿಗೆ ತನ್ನಿ. ದಾನಿಗಳು ಕೊಡಿಸಿದ ಕಂಪ್ಯೂಟರ್ ಇದೆ. ಇನ್‌ಶಾ ಅಲ್ಲಾಹ್, ಒಟ್ಟಿಗೆ ಕುಳಿತು ನೋಡೋಣ.